ಕುಂದಿಗೆ ಕಿರೀಟ ತೊಡಿಸಬೇಡಿ

ಶೂಟರ್ ಆಟಗಳನ್ನು ಬಲ್ಲವರ ನಡುವೆ ‘ಸ್ಟಾಕರ್: ಶ್ಯಾಡೋ ಆಫ್ ಚೆರ್ನೋಬಿಲ್’ ಎಂಬ ಹೆಸರೆತ್ತಿದರೆ ಸಾಕು, ಹೊಗಳಿಕೆ ಶುರುವಾಗುತ್ತದೆ. ಹೊಗಳಿಕೆಯ ಬೆನ್ನಿಗೇ ಸಮಜಾಯಿಷಿಯೂ ಬರುತ್ತದೆ. ಆಟ ನಡುವೆ ತಟಕ್ಕನೆ ನಿಂತುಹೋಗುತ್ತದಲ್ಲ ಎಂದು ಕೇಳಿದರೆ, ಆಗಾಗ ಸೇವ್ ಮಾಡಿಕೊಳ್ಳುವುದೂ ಬದುಕುಳಿಯುವ ಪಾಠವೇ ಎನ್ನುತ್ತಾರೆ. ವಹಿಸಿಕೊಂಡ ಕೆಲಸ ಕಾರಣ ತಿಳಿಸದೆಯೇ ವಿಫಲವಾಯಿತಲ್ಲ ಎಂದರೆ, ಆಟ ನಡೆಯುವ ‘ಝೋನ್’ ಎಂಬ ನೆಲ ಯಾರಿಗೂ ಕರುಣೆ ತೋರುವುದಿಲ್ಲ ಎನ್ನುತ್ತಾರೆ. ಕಾವಲುಗಾರನೊಬ್ಬ ಒಂದೇ ಬೈಗುಳವನ್ನು ನೂರು ಸಲ ಒದರಿದರೆ ಅದನ್ನೇ ಅಕ್ಕರೆಯಿಂದ ನೆನೆಯುತ್ತಾರೆ. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ತೀರ್ಮಾನಕ್ಕೆ: ಈ ಒರಟುತನವೇ ಆಟದ ಜೀವ, ನಯ ಮಾಡಲು ಹೊರಟರೆ ಜೀವ ಹೋಗುತ್ತದೆ.

ಈ ತೀರ್ಮಾನ ತಪ್ಪು. ಕೇಳಲು ಪ್ರೀತಿಯ ಮಾತಿನಂತಿದ್ದರೂ ಇದು ಆಟಕ್ಕೂ ಅದನ್ನು ಕಟ್ಟಿದವರಿಗೂ ಮಾಡುವ ಅನ್ಯಾಯ. ಯೋಚಿಸಿ ಕಟ್ಟಿದ ಕಷ್ಟವನ್ನೂ ಕೈಮೀರಿ ಉಳಿದುಹೋದ ದೋಷವನ್ನೂ ಒಂದೇ ತಕ್ಕಡಿಗೆ ಹಾಕಿದರೆ, ಕಟ್ಟಿದವರ ಜಾಣ್ಮೆಗೆ ಸಲ್ಲಬೇಕಾದ ಮನ್ನಣೆ ಸಲ್ಲುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ದೋಷಗಳನ್ನು ಮುದ್ದು ಮಾಡುವ ಭರದಲ್ಲಿ ಈ ಆಟದ ನಿಜವಾದ ದೌರ್ಬಲ್ಯಗಳ ಬಗ್ಗೆ, ಎಂದರೆ ಯಾವ ಪ್ಯಾಚ್‌ನಿಂದಲೂ ಸರಿಪಡಿಸಲಾಗದ ಕೊರತೆಗಳ ಬಗ್ಗೆ, ಮಾತಾಡುವುದೇ ನಿಂತುಹೋಗಿದೆ.

ಮೊದಲು ಆಟದ ಹಿರಿಮೆಯನ್ನು ಸ್ಪಷ್ಟವಾಗಿ ಹೇಳಬೇಕು. ಏಕೆಂದರೆ ಅದನ್ನು ಸರಿಯಾಗಿ ಹೇಳಿದಾಗಲೇ ದೋಷಗಳಿಗೂ ಅದಕ್ಕೂ ಸಂಬಂಧವಿಲ್ಲ ಎನ್ನುವುದು ಕಾಣುತ್ತದೆ. ಉಕ್ರೇನಿನ ಕೀವ್ ನಗರದ ಜಿಎಸ್‌ಸಿ ಗೇಮ್ ವರ್ಲ್ಡ್ ಸಂಸ್ಥೆ 2007ರ ಮಾರ್ಚಿನಲ್ಲಿ ಈ ಆಟವನ್ನು ಬಿಡುಗಡೆ ಮಾಡಿತು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೆಯ ರಿಯಾಕ್ಟರ್ ಸ್ಫೋಟಿಸಿದ್ದು ಚರಿತ್ರೆ. 2006ರಲ್ಲಿ ಅದೇ ಜಾಗದಲ್ಲಿ ಎರಡನೆಯ, ಬಗೆ ತಿಳಿಯದ ದುರಂತವೊಂದು ನಡೆಯಿತು ಎನ್ನುವುದು ಆಟದ ಕಲ್ಪನೆ. ಕಥೆ ನಡೆಯುವುದು 2012ರಲ್ಲಿ. ಅರ್ಕಾದಿ ಮತ್ತು ಬೊರಿಸ್ ಸ್ಟ್ರುಗಾಟ್ಸ್ಕಿ ಸಹೋದರರ 1972ರ ಕಾದಂಬರಿ ‘ರೋಡ್‌ಸೈಡ್ ಪಿಕ್ನಿಕ್’ ಮತ್ತು ಅದನ್ನು ಆಧರಿಸಿ ಆಂದ್ರೇ ತಾರ್ಕೋವ್‌ಸ್ಕಿ 1979ರಲ್ಲಿ ಮಾಡಿದ ‘ಸ್ಟಾಕರ್’ ಚಿತ್ರದಿಂದ ಝೋನ್ ಎಂಬ ಕಲ್ಪನೆ ಬಂತು. ನಿಯಮ ತಿಳಿಯದ ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ಜೀವ ಪಣಕ್ಕಿಟ್ಟು ನಡೆಯುವವರೇ ಸ್ಟಾಕರ್‌ಗಳು.

ಈ ಕಲ್ಪನೆಯನ್ನು ಆಟವಾಗಿಸಿದ ಬಗೆಯಲ್ಲಿ ಅಸಲಿ ಪ್ರತಿಭೆ ಇದೆ. ಆಟಗಾರನ ಜೇಬಿನಲ್ಲಿ ಎಂದೂ ಮುಗಿಯದ ಬೋಲ್ಟ್‌ಗಳಿರುತ್ತವೆ. ಮುಂದಿನ ಹುಲ್ಲು ಸುಮ್ಮನೆ ಹುಲ್ಲೋ, ಕಾಲಿಟ್ಟವರನ್ನು ಎತ್ತಿ ಸೀಳುವ ಅನಾಮಲಿಯೋ ತಿಳಿಯಬೇಕಾದರೆ ಬೋಲ್ಟ್ ಎಸೆದು ನೋಡಬೇಕು. ಹೊಸ ಕಾಲದ ಶೂಟರ್‌ಗಳು ಓಡುವುದನ್ನು ಕಲಿಸಿದರೆ ಈ ಆಟ ನಿಲ್ಲುವುದನ್ನು ಕಲಿಸುತ್ತದೆ. ಹೊರಬಹುದಾದ ಭಾರಕ್ಕೆ 50 ಕಿಲೋ ಮಿತಿ ಇದೆ. ಗುಂಡು ಬೇಕೋ, ಬ್ರೆಡ್ ಬೇಕೋ, ಮಾರಿದರೆ ಕಾಸು ಬರುವ ಇನ್ನೊಂದು ಬಂದೂಕು ಬೇಕೋ ಎಂದು ಹೆಣದ ಪಕ್ಕದಲ್ಲೇ ನಿಂತು ಲೆಕ್ಕ ಹಾಕಬೇಕು. ಅಂಕ ಗಳಿಸಿ ಹಂತ ಏರುವ ಏರ್ಪಾಡೇ ಇಲ್ಲ. ನಾಯಕನ ಕೌಶಲ ಬೆಳೆಯುವುದಿಲ್ಲ, ಬೆಳೆಯುವುದು ಆಡುವವರ ತಿಳಿವಳಿಕೆ. ಮೊದಲ ದಿನ ಮಕಾರೋವ್ ಪಿಸ್ತೂಲು ಹಿಡಿದು ಒಂದು ನಾಯಿಹಿಂಡಿಗೆ ಹೆದರಿ ಓಡಿದವರು ಕೊನೆಗೆ ಕತ್ತಲಲ್ಲಿ ಗೈಗರ್ ಕೌಂಟರಿನ ಟಿಕ್ ಟಿಕ್ ಕೇಳಿಯೇ ದಾರಿ ಆರಿಸಿಕೊಳ್ಳುತ್ತಾರೆ.

ಇದರ ಮೇಲೆ ‘ಎ-ಲೈಫ್’ ಎಂಬ ವ್ಯವಸ್ಥೆ. ಝೋನಿನ ಪ್ರಾಣಿಗಳೂ ಮನುಷ್ಯರೂ ಆಟಗಾರ ಬರಲಿ ಎಂದು ಕಾದು ಕೂರುವುದಿಲ್ಲ. ಕುರುಡು ನಾಯಿಗಳ ಹಿಂಡು ಬೇಟೆ ಹುಡುಕಿ ಅಲೆಯುತ್ತದೆ. ಡಕಾಯಿತರು ಇನ್ನೊಂದು ಗುಂಪಿನ ಮೇಲೆ ಬೀಳುತ್ತಾರೆ. ನಿನ್ನೆ ಬೆಂಕಿಯ ಸುತ್ತ ಕೂತು ಗಿಟಾರ್ ಬಾರಿಸುತ್ತಿದ್ದವನ ಶವ ಇಂದು ದಾರಿಯಲ್ಲಿ ಸಿಗುತ್ತದೆ, ಅವನು ಹೇಗೆ ಸತ್ತ ಎಂದು ಯಾರೂ ವಿವರಿಸುವುದಿಲ್ಲ. ಜಗತ್ತು ತನ್ನ ಪಾಡಿಗೆ ತಾನು ಬದುಕುತ್ತಿದೆ, ಅದರಲ್ಲಿ ನಾನೂ ಒಬ್ಬ ಅಷ್ಟೆ ಎನ್ನುವ ಅನುಭವವನ್ನು ಇಷ್ಟು ಚೆನ್ನಾಗಿ ಕೊಟ್ಟ ಶೂಟರ್ ಆಟಗಳು ಆ ಕಾಲದಲ್ಲಿ ತೀರಾ ಕಡಿಮೆ. ಅಗ್ರೋಪ್ರೋಮ್ ನೆಲಮಾಳಿಗೆಯಲ್ಲಿ ಕಣ್ಣಿಗೆ ಕಾಣದ ಬ್ಲಡ್‌ಸಕರ್ ಎಂಬ ಮೃಗದ ಉಸಿರು ಮೊದಲ ಸಲ ಕೇಳಿಸುವುದು, ಎಕ್ಸ್-18 ಪ್ರಯೋಗಾಲಯದ ಮೆಟ್ಟಿಲಿಳಿದು ಬಾಗಿಲ ಮುಂದೆ ನಿಲ್ಲುವುದು, ಇವನ್ನೆಲ್ಲ ಶಬ್ದ, ಬೆಳಕು, ಗುಂಡಿನ ಕೊರತೆಗಳನ್ನು ಅಳೆದು ತೂಗಿ ಕಟ್ಟಲಾಗಿದೆ.

ಇಷ್ಟನ್ನೂ ಮತ್ತೊಮ್ಮೆ ನೋಡಿ. ಬೋಲ್ಟ್, ಭಾರ, ಹಸಿವು, ಕತ್ತಲು, ಎ-ಲೈಫ್ ಎಲ್ಲವೂ ಯಾರೋ ಕೂತು ಯೋಚಿಸಿ ತೀರ್ಮಾನಿಸಿದವು. ಯಾವುದೂ ಆಕಸ್ಮಿಕವಲ್ಲ. ಆಟ ಹಠಾತ್ತನೆ ನಿಲ್ಲುವುದನ್ನು ಯಾರೂ ತೀರ್ಮಾನಿಸಲಿಲ್ಲ. ಕಸದ ರಾಶಿಗಳ ‘ಗಾರ್ಬೇಜ್’ ಪ್ರದೇಶದಲ್ಲಿ ಈಗಷ್ಟೇ ಸೋಲಿಸಿದ ಡಕಾಯಿತರ ಜಾಗಕ್ಕೆ ಸ್ವಲ್ಪ ಹೊತ್ತಿನಲ್ಲೇ ಅಂಥದೇ ತಂಡ ಬಂದು ನಿಂತು ಗೆಲುವಿಗೆ ಅರ್ಥವೇ ಇಲ್ಲದಂತೆ ಮಾಡುವುದು ಕಷ್ಟದ ಕಲೆಯಲ್ಲ. ಊಟದಲ್ಲಿನ ಖಾರ ಅಡುಗೆಯವರು ಬೇಕೆಂದೇ ಹಾಕಿದ್ದು, ಅನ್ನದೊಳಗಿನ ಕಲ್ಲು ಆರಿಸದೆ ಬಿಟ್ಟದ್ದು. ಖಾರ ಮೆಚ್ಚಿದವರು ಕಲ್ಲನ್ನೂ ಮೆಚ್ಚಬೇಕು ಎಂಬ ವಾದ ಯಾವ ಊಟಕ್ಕೂ ಹೊಂದುವುದಿಲ್ಲ.

ಅಭಿಮಾನಿಗಳು ತುಂಬ ಮೆಚ್ಚಿ ಹೇಳುವ ಒಂದು ಅಂಶವನ್ನೇ ತೆಗೆದುಕೊಳ್ಳೋಣ. ‘ಸ್ಟಾಕರ್’ ಸರಣಿಯ ಮೊದಲ ಆಟವಾದ ಇದರಲ್ಲಿ ಬಂದೂಕು, ಕವಚಗಳು ಸವೆಯುತ್ತವೆ, ಬಂದೂಕು ಜಾಮ್ ಆಗುತ್ತದೆ, ಆದರೆ ರಿಪೇರಿ ಮಾಡಿಸಲು ದಾರಿಯಿಲ್ಲ. ಇದನ್ನೇ ಝೋನಿನ ನಿರ್ದಯತೆ ಎಂದು ಹೊಗಳುತ್ತಾರೆ. ಆದರೆ ಬಂದೂಕನ್ನೇ ನಂಬಿ ಬದುಕುವ ನೂರಾರು ಗಂಡಸರ ಲೋಕದಲ್ಲಿ ಅದನ್ನು ಬಿಚ್ಚಿ ಒರೆಸಿ ಸರಿಮಾಡಬಲ್ಲವನು ಒಬ್ಬನೂ ಇಲ್ಲವೆಂದರೆ ನಂಬುವುದು ಹೇಗೆ? ಪರಿಣಾಮವೂ ನಿರ್ದಯವಾಗಿಲ್ಲ. ಸವೆದ ಬಂದೂಕನ್ನು ಎಸೆದು ಬಿದ್ದವನ ಬಂದೂಕು ಎತ್ತಿಕೊಂಡರೆ ಮುಗಿಯಿತು. ಖರ್ಚಿಗೆ ದಾರಿಯಿಲ್ಲದೆ ಆಟದ ನಡುಭಾಗಕ್ಕೆ ಬರುವಷ್ಟರಲ್ಲಿ ರೂಬಲ್‌ಗಳು ರಾಶಿ ಬೀಳುತ್ತವೆ. ಕೊರತೆಯ ಮೇಲೆ ನಿಂತ ಆಟದಲ್ಲಿ ಕೊರತೆಯೇ ಇಲ್ಲವಾಗುತ್ತದೆ. ಎಂದರೆ ಈ ದೋಷ ಆಟದ ಜೀವವನ್ನು ಕಾಯುತ್ತಿಲ್ಲ, ತಿನ್ನುತ್ತಿದೆ.

ನನ್ನ ವಾದಕ್ಕೆ ಸಾಕ್ಷಿ ಸರಣಿಯೊಳಗೇ ಇದೆ. ದೋಷವೇ ಜೀವವಾಗಿದ್ದರೆ 2008ರಲ್ಲಿ ಬಂದ ‘ಕ್ಲಿಯರ್ ಸ್ಕೈ’ ಎಲ್ಲಕ್ಕಿಂತ ಶ್ರೇಷ್ಠ ಆಟವಾಗಬೇಕಿತ್ತು. ಬಿಡುಗಡೆಯ ಹೊತ್ತಿಗೆ ಅದರಷ್ಟು ಹದಗೆಟ್ಟ ಸ್ಥಿತಿಯಲ್ಲಿ ಸರಣಿಯ ಬೇರೆ ಆಟ ಇರಲಿಲ್ಲ. ಬಣಗಳ ಯುದ್ಧ ಎಂಬ ಅದರ ದೊಡ್ಡ ಯೋಜನೆಯೇ ಸರಿಯಾಗಿ ನಡೆಯುತ್ತಿರಲಿಲ್ಲ. ಒರಟುತನವನ್ನು ಹಾಡಿ ಹೊಗಳುವ ಅಭಿಮಾನಿಗಳೇ ಮೂರು ಹಳೆಯ ಆಟಗಳಲ್ಲಿ ಅದಕ್ಕೆ ಕೊನೆಯ ಸ್ಥಾನ ಕೊಡುತ್ತಾರೆ. ಹಾಗೆ ಕೊಡುವಾಗ ತಮ್ಮ ಸಿದ್ಧಾಂತವನ್ನು ತಾವೇ ಮುರಿಯುತ್ತಾರೆ.

ಇನ್ನು 2009ರ ‘ಕಾಲ್ ಆಫ್ ಪ್ರಿಪ್ಯಾತ್’. ಮೂರರಲ್ಲಿ ಅತ್ಯಂತ ಗಟ್ಟಿಯಾಗಿ ನಿಂತ ಆಟ ಇದೇ. ಕಾರ್ದಾನ್, ನೈಟ್ರೋ ಎಂಬ ಮೆಕ್ಯಾನಿಕ್‌ಗಳು ಬಂದೂಕು ರಿಪೇರಿ ಮಾಡುತ್ತಾರೆ, ಬೇಕಾದಂತೆ ಬದಲಿಸಿಯೂ ಕೊಡುತ್ತಾರೆ. ಆಗ ಹಣಕ್ಕೆ ಮತ್ತೆ ಬೆಲೆ ಬಂತು. ಆಕಾಶ ಕೆಂಪಾಗಿ ‘ಎಮಿಷನ್’ ಅಪ್ಪಳಿಸಿದಾಗ ಮಾಡು ಹುಡುಕಿ ಓಡಲೇಬೇಕು. ಅದರಲ್ಲಿ ಒಂದು ಕೆಲಸವಿದೆ: ನಿದ್ದೆ ಹೋದ ಬ್ಲಡ್‌ಸಕರ್‌ಗಳ ಬಿಲದಲ್ಲಿ ಅವನ್ನು ಎಬ್ಬಿಸದಂತೆ ನಡೆಯುವುದು. ಕೋಣೆಯ ಉದ್ದಕ್ಕೂ ಬೆರಳು ಕೀಲಿಯ ಮೇಲೆ ನಡುಗುತ್ತದೆ. ಆಟ ಕೈಕೊಡುತ್ತದೆಂಬ ಅಂಜಿಕೆಯಿಂದ ಅಲ್ಲ, ಆಟ ಸರಿಯಾಗಿ ನಡೆಯುತ್ತದೆಂಬ ನಂಬಿಕೆಯಿಂದಲೇ ಆ ಭಯ ಹುಟ್ಟುತ್ತದೆ. ಕಾಲು ಸಪ್ಪಳವಾದರೆ ಅವು ಏಳುತ್ತವೆ, ಆಗದಿದ್ದರೆ ಏಳುವುದಿಲ್ಲ ಎಂಬ ನಿಯಮ ಗಟ್ಟಿಯಾಗಿರುವುದರಿಂದ ಪ್ರತಿ ಹೆಜ್ಜೆಗೂ ಬೆಲೆಯಿದೆ. ನಿಯಮ ಸಡಿಲವಾದ ಕಡೆ ಭಯ ಉಳಿಯುವುದಿಲ್ಲ, ಕಿರಿಕಿರಿ ಉಳಿಯುತ್ತದೆ.

‘ಕಾಲ್ ಆಫ್ ಪ್ರಿಪ್ಯಾತ್’ನಲ್ಲಿ ಮೊದಲ ಆಟದ ಆ ಗಾಢತೆ ಇಲ್ಲ ಎಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಅದರ ಕಥೆ ತೆಳು. ಮೇಜರ್ ದೆಗ್ತ್ಯಾರೆವ್ ಬಿದ್ದ ಹೆಲಿಕಾಪ್ಟರ್‌ಗಳ ತನಿಖೆಗೆ ಬಂದ ಸರ್ಕಾರಿ ಮನುಷ್ಯ, ಅವನೊಳಗೆ ಒಗಟಿಲ್ಲ. ಪ್ರಯೋಗಾಲಯಗಳ ಇಳಿಕೆಯೂ ಕಡಿಮೆ. ಆದರೆ ಇವೆಲ್ಲ ಕಥೆ, ನಕ್ಷೆ ಕಟ್ಟುವಾಗ ಮಾಡಿದ ಆಯ್ಕೆಗಳ ಫಲ. ದೋಷ ಕಡಿಮೆಯಾದದ್ದಕ್ಕೂ ಗಾಢತೆ ಕಡಿಮೆಯಾದದ್ದಕ್ಕೂ ಗಂಟು ಹಾಕಲು ಯಾವ ಆಧಾರವೂ ಇಲ್ಲ. ಜಿಎಸ್‌ಸಿಯನ್ನು ಬಿಟ್ಟು ಹೊರಬಂದು 4ಎ ಗೇಮ್ಸ್ ಕಟ್ಟಿದವರು 2010ರಲ್ಲಿ ‘ಮೆಟ್ರೋ 2033’ ತಂದರು. ಮುಖವಾಡದ ಫಿಲ್ಟರ್ ಮುಗಿದರೆ ಸಾವು, ಒಳ್ಳೆಯ ಗುಂಡುಗಳೇ ಹಣ, ಹಾರಿಸಿದರೆ ಹಣ ಖಾಲಿ. ಸಂಕಟವನ್ನು ಅಚ್ಚುಕಟ್ಟಾಗಿ ಕಟ್ಟಬಹುದು ಎಂಬುದಕ್ಕೆ ಅದೂ ನಿದರ್ಶನ.

ಹಾಗಾದರೆ ಮೊದಲ ಆಟಕ್ಕೆ ಆ ದೋಷಗಳು ಬಂದದ್ದು ಎಲ್ಲಿಂದ? 2001ರಲ್ಲಿ ಘೋಷಣೆಯಾದ ಆಟ 2003ಕ್ಕೆ ಬರಬೇಕಿತ್ತು. ದಿನಾಂಕಗಳು ಮುಂದೆ ಹೋಗುತ್ತಲೇ ಇದ್ದವು. ಈ ನಡುವೆ ಅಪೂರ್ಣ ಪ್ರತಿಯೊಂದು ಸೋರಿಹೋಗಿ ಜನರ ಕೈ ಸೇರಿತು. ಕೊನೆಗೆ ಪ್ರಕಾಶಕ ಸಂಸ್ಥೆ ಟಿಎಚ್‌ಕ್ಯೂ, ನಿರ್ಮಾಪಕ ಡೀನ್ ಶಾರ್ಪ್ ಅವರನ್ನು ಕೀವ್‌ಗೆ ಕಳಿಸಿ, ಕತ್ತರಿಸಬೇಕಾದ್ದನ್ನು ಕತ್ತರಿಸಿ ಕೆಲಸ ಮುಗಿಸುವಂತೆ ಒತ್ತಡ ಹೇರಿತು. ವಾಹನ ಓಡಿಸುವುದು, ನಿದ್ದೆ ಮಾಡುವುದು ಮುಂತಾದವು ಬಿಟ್ಟುಹೋದವು. ಅತಿ ದೊಡ್ಡ ಕನಸು, ಚಿಕ್ಕ ತಂಡ, ಮುಗಿದುಹೋದ ತಾಳ್ಮೆ: ದೋಷಗಳ ಹುಟ್ಟು ಇದರಲ್ಲಿದೆ. ಈ ಚರಿತ್ರೆ ತಿಳಿದವರಿಗೆ ತಂಡದ ಬಗ್ಗೆ ಗೌರವ ಹೆಚ್ಚುತ್ತದೆ. ಆದರೆ ಆ ಗೌರವ ತೋರಿಸಲು ಅವರ ಸೋಲನ್ನು ಅವರ ಇಚ್ಛೆ ಎಂದು ಬಿಂಬಿಸಬೇಕಾಗಿಲ್ಲ.

ಅಭಿಮಾನಿಗಳೇ ಆಟವನ್ನು ಬದಲಿಸಿ ಕಟ್ಟಿದ ‘ಮಾಡ್’ ಹಾಕಿಕೊಂಡರೆ ಎಲ್ಲ ಸರಿಯಾಗುತ್ತದೆ ಎಂಬ ಇನ್ನೊಂದು ಉತ್ತರವಿದೆ. ‘ಝೋನ್ ರಿಕ್ಲಮೇಷನ್ ಪ್ರಾಜೆಕ್ಟ್’ನಂಥ ಮಾಡ್ ಹುಟ್ಟಿದ್ದೇ ಮೊದಲ ಆಟದ ದೋಷಗಳನ್ನು ಸರಿಪಡಿಸಲು. ‘ಅನಾಮಲಿ’ ಎಂಬ ಮಾಡ್ ಅಂತೂ ಮೂರೂ ಆಟಗಳ ನೆಲವನ್ನು ಜೋಡಿಸಿ ಸ್ವತಂತ್ರ ಆಟವಾಗಿಯೇ ನಿಂತಿದೆ. ಇವನ್ನು ಕಟ್ಟಿದವರ ದುಡಿಮೆ ದೊಡ್ಡದು, ಸಂಬಳವಿಲ್ಲದ್ದು. ಆದರೆ ಈ ಮಾಡ್‌ಗಳೇ ನನ್ನ ಮಾತಿಗೆ ಸಾಕ್ಷಿ ನುಡಿಯುತ್ತವೆ. ದೋಷ ಆಟದ ಆತ್ಮವಾಗಿದ್ದರೆ, ಆಟವನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವರು ವರ್ಷಗಟ್ಟಲೆ ಕೂತು ಅದನ್ನು ಕಿತ್ತು ತೆಗೆಯುತ್ತಿರಲಿಲ್ಲ. ಬೆಂಗಳೂರಿನ ಸ್ಟುಡಿಯೋಗಳಲ್ಲೂ ದೊಡ್ಡ ಆಟಗಳ ಟೆಸ್ಟಿಂಗ್ ಕೆಲಸ ನಡೆಯುತ್ತದೆ. ಒಂದೇ ಬಾಗಿಲನ್ನು ನೂರು ಸಲ ತೆರೆದು ಮುಚ್ಚಿ, ಒಂದು ತಪ್ಪು ಹುಟ್ಟುವ ಕ್ಷಣವನ್ನು ಹಿಡಿದು ಬರೆದು ಕಳಿಸುವ ನಮ್ಮ ಹುಡುಗ ಹುಡುಗಿಯರಿದ್ದಾರೆ. ದೋಷವೇ ಸೊಗಸು ಎನ್ನುವವರು ಇವರ ಕಸುಬಿಗೆ ಬೆಲೆಯಿಲ್ಲ ಎಂದಂತಾಗುತ್ತದೆ.

2024ರ ನವೆಂಬರಿನಲ್ಲಿ ಬಂದ ‘ಸ್ಟಾಕರ್ 2: ಹಾರ್ಟ್ ಆಫ್ ಚೋರ್ನೋಬಿಲ್’ ವಿಷಯದಲ್ಲಿ ಈ ಸಿದ್ಧಾಂತ ಇನ್ನಷ್ಟು ಸೂಕ್ಷ್ಮ ರೂಪ ತಾಳಿತು. ಉಕ್ರೇನಿನ ಮೇಲೆ ರಷ್ಯಾ ಹೂಡಿದ ಯುದ್ಧದ ನಡುವೆ ಕಟ್ಟಿದ ಆಟ ಅದು. ತಂಡದ ಒಂದು ಭಾಗ ಪ್ರಾಗ್ ನಗರಕ್ಕೆ ಸ್ಥಳಾಂತರವಾಯಿತು. ಕೆಲವರು ಸೇನೆ ಸೇರಿದರು. ‘ಕ್ಲಿಯರ್ ಸ್ಕೈ’ಗೆ ದುಡಿದಿದ್ದ ವೊಲೊದಿಮಿರ್ ಯೆಝೋವ್ 2022ರ ಡಿಸೆಂಬರಿನಲ್ಲಿ ಬಾಖ್ಮುತ್ ಬಳಿ ಹೋರಾಡುತ್ತ ಮಡಿದರು. ಇಂಥ ಸ್ಥಿತಿಯಲ್ಲಿ ಆಟ ಮುಗಿದದ್ದೇ ಧೈರ್ಯದ ಕೆಲಸ. ಆದರೆ ಬಿಡುಗಡೆಯಾದಾಗ ಸರಣಿಯ ಹೆಮ್ಮೆಯಾದ ಎ-ಲೈಫ್ ಕೆಲಸವನ್ನೇ ಮಾಡುತ್ತಿರಲಿಲ್ಲ ಎನ್ನುವಂತಿತ್ತು. ಖಾಲಿ ಬಯಲಲ್ಲಿ ಆಟಗಾರನ ಬೆನ್ನ ಹಿಂದೆಯೇ ಶತ್ರುಗಳು ದಿಢೀರನೆ ಉದ್ಭವಿಸುತ್ತಿದ್ದರು. ಆಗಲೂ ‘ಇದೇ ನಮ್ಮ ಹಳೆಯ ಸ್ಟಾಕರ್’ ಎಂಬ ಸಂಭ್ರಮ ಕೇಳಿಬಂತು. ಜಿಎಸ್‌ಸಿ ಆ ಸಂಭ್ರಮದಲ್ಲಿ ಪಾಲುಗೊಳ್ಳಲಿಲ್ಲ. ಕೆಲವೇ ದಿನಗಳಲ್ಲಿ 650ಕ್ಕೂ ಹೆಚ್ಚು, ಡಿಸೆಂಬರಿನಲ್ಲಿ 1,800ಕ್ಕೂ ಹೆಚ್ಚು ತಿದ್ದುಪಡಿಗಳನ್ನು ಹೊರತಂದಿತು. ಯುದ್ಧ ದೋಷಕ್ಕೆ ಕಾರಣವಾಗಬಹುದು, ದೋಷವನ್ನು ಗುಣವಾಗಿಸಲಾರದು. ಕಟ್ಟಿದವರೇ ತಿದ್ದಲು ಹಗಲಿರುಳು ದುಡಿದದ್ದನ್ನು, ಆಡುವವರು ತಿದ್ದಬೇಕಾಗಿಯೇ ಇರಲಿಲ್ಲ ಎನ್ನುವುದು ಎಂಥ ಮೆಚ್ಚುಗೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ದೋಷದ ಆರಾಧನೆ ಮರೆಮಾಚಿದ ದೌರ್ಬಲ್ಯಗಳು ಎರಡು.

ಒಂದು, ಮೊದಲ ಆಟ ತನ್ನ ಕೊನೆಯ ಭಾಗದಲ್ಲಿ ತನ್ನನ್ನೇ ಕೈಬಿಡುತ್ತದೆ. ಕೆಂಪು ಕಾಡು ದಾಟಿ ಪ್ರಿಪ್ಯಾತ್ ನಗರ, ಅಲ್ಲಿಂದ ಅಣುಸ್ಥಾವರ ತಲುಪುವ ಹೊತ್ತಿಗೆ ಬೋಲ್ಟ್ ಎಸೆಯುವ ಎಚ್ಚರ, ಬ್ರೆಡ್ಡಿನ ಲೆಕ್ಕ, ದೂರದಿಂದ ನೋಡಿ ಸುತ್ತುಹಾಕುವ ಉಪಾಯ ಯಾವುದೂ ಬೇಕಾಗುವುದಿಲ್ಲ. ಮೊನೊಲಿತ್ ಪಂಥದ ಸೈನಿಕರು ಅಲೆಯಲೆಯಾಗಿ ಬರುತ್ತಾರೆ, ಗುಂಡು ಹಾರಿಸುತ್ತ ಮುಂದೆ ಹೋಗಬೇಕು ಅಷ್ಟೆ. ಗಂಟೆಗಟ್ಟಲೆ ಕಲಿಸಿದ ಪಾಠವನ್ನು ಕೊನೆಯಲ್ಲಿ ಆಟವೇ ಅಳಿಸಿಹಾಕುತ್ತದೆ. ಕಥೆಯದೂ ಇದೇ ಗತಿ. ‘ಸ್ಟ್ರೆಲೋಕ್‌ನನ್ನು ಕೊಲ್ಲು’ ಎಂಬ ಆಜ್ಞೆಯೊಂದೇ ನೆನಪಾಗಿ ಉಳಿದ ನಾಯಕ, ತಾನೇ ಆ ಸ್ಟ್ರೆಲೋಕ್ ಎಂದು ಅರಿಯುವುದು ಆಟಗಳ ಲೋಕದ ಒಳ್ಳೆಯ ತಿರುವುಗಳಲ್ಲಿ ಒಂದು. ಆದರೆ ಪ್ರಿಪ್ಯಾತ್‌ನ ಹೋಟೆಲಿನಲ್ಲಿರುವ ಡಿಕೋಡರ್ ಹುಡುಕದೆ ಹೋದವರಿಗೆ ಕಥೆಯ ನಿಜವಾದ ಅಂತ್ಯದ ಬಾಗಿಲು ತೆರೆಯುವುದೇ ಇಲ್ಲ. ಅವರು ಬಯಕೆ ಈಡೇರಿಸುವ ಮೊನೊಲಿತ್ ಮುಂದೆ ನಿಂತು ಐದು ಸುಳ್ಳು ಅಂತ್ಯಗಳಲ್ಲಿ ಒಂದನ್ನು ನೋಡಿ ಎದ್ದುಹೋಗುತ್ತಾರೆ. ಹಾಗೆ ಎದ್ದುಹೋದವರಿಗೆ ನಾಯಕ ಯಾರೆಂಬುದೇ ತಿಳಿಯದೆ ಉಳಿಯಬಹುದು. ಇದು ವಿನ್ಯಾಸದ ಸೋಲು. ಇಂಥ ಸೋಲಿನ ಚರ್ಚೆ ನಡೆಯಬೇಕಾದ ಜಾಗವನ್ನು ತಮಾಷೆಯ ಬಗ್‌ಗಳ ಮೆಲುಕು ಆಕ್ರಮಿಸಿಕೊಂಡಿದೆ.

ಎರಡನೆಯದು ಇದಕ್ಕಿಂತ ಆಳದ್ದು. ಈ ಆಟ ಚೆರ್ನೋಬಿಲ್‌ನ ಹೆಸರು, ಬೀದಿ, ಕಟ್ಟಡಗಳನ್ನು ತೆಗೆದುಕೊಂಡಿತು, ಜನರನ್ನು ಬಿಟ್ಟಿತು. ಸ್ಫೋಟದ ಮರುದಿನ ಸುಮಾರು 49,000 ಜನರನ್ನು ಪ್ರಿಪ್ಯಾತ್‌ನಿಂದ ಬಸ್ಸುಗಳಲ್ಲಿ ತೆರವು ಮಾಡಲಾಯಿತು. ವಿಕಿರಣದ ನಡುವೆ ಸ್ವಚ್ಛಗೊಳಿಸುವ ಕೆಲಸಕ್ಕೆ ಸುಮಾರು 6 ಲಕ್ಷ ಮಂದಿ ಲಿಕ್ವಿಡೇಟರ್‌ಗಳು ದುಡಿದರು. ಅಯೋಡಿನ್-131 ಹಾಲಿನ ಮೂಲಕ ಮಕ್ಕಳ ಮೈಸೇರಿ ಥೈರಾಯ್ಡ್ ಕ್ಯಾನ್ಸರ್ ತಂದಿತು. ಅಧಿಕಾರಿಗಳ ಮಾತು ಮೀರಿ ನಿಷೇಧಿತ ವಲಯದ ತಮ್ಮ ಹಳ್ಳಿಗಳಿಗೆ ಮರಳಿ ಆಲೂಗಡ್ಡೆ ಬೆಳೆದು ಬದುಕಿದವರಿದ್ದರು. ಅವರಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು. ಮೊದಲ ಆಟದ ಕಥೆಯಲ್ಲಿ ಹೆಂಗಸರಿಗೆ ಜಾಗವೇ ಇಲ್ಲ. ಮರಳಿ ಬಂದ ಅಜ್ಜಿಯಿಲ್ಲ, ಮನೆ ಕಳೆದುಕೊಂಡ ಒಬ್ಬರ ನೆನಪಿಗೂ ದನಿಯಿಲ್ಲ. ವಿಕಿರಣ ಒಂದು ಚುಚ್ಚುಮದ್ದಿಗೆ, ಒಂದು ಬಾಟಲಿ ವೋಡ್ಕಾಕ್ಕೆ ಇಳಿದುಹೋಗುತ್ತದೆ. ನಿಜವಾದ ವಿಕಿರಣದ ಕ್ರೌರ್ಯ ಅದರ ವಿಳಂಬದಲ್ಲಿದೆ, ವರ್ಷಗಳ ನಂತರ ಬಂದು ಬಾಗಿಲು ತಟ್ಟುವುದರಲ್ಲಿದೆ. ಆಟದಲ್ಲಿ ಆ ಕಾಲವೇ ಇಲ್ಲ.

ಇದು ಕಲ್ಪನೆ, ಚರಿತ್ರೆಯ ಪಾಠವಲ್ಲ ಎಂದು ಉತ್ತರ ಬರುತ್ತದೆ. ಕಲ್ಪನೆಗೆ ಹಕ್ಕಿದೆ, ಒಪ್ಪಿದೆ. ಸ್ಟ್ರುಗಾಟ್ಸ್ಕಿ ಸಹೋದರರ ಕಾದಂಬರಿ ಬಂದದ್ದು ದುರಂತಕ್ಕೆ 14 ವರ್ಷ ಮೊದಲು, ಅವರ ಝೋನ್‌ಗೆ ಯಾವ ನಿಜವಾದ ಊರಿನ ಹಂಗೂ ಇರಲಿಲ್ಲ. ಜಿಎಸ್‌ಸಿ ಮಾತ್ರ ನಿಜವಾದ ಊರನ್ನೇ ಆರಿಸಿಕೊಂಡಿತು. ತಂಡ ವಲಯದೊಳಗೆ ಹೋಗಿ ಕಟ್ಟಡಗಳ ಚಿತ್ರ ತೆಗೆದು ತಂದಿತು, ಆ ನೈಜತೆಯೇ ಆಟದ ಹೆಸರಿಗೆ ತೂಕ ಕೊಟ್ಟಿತು. ನೈಜತೆಯಿಂದ ಗೌರವ ಪಡೆದ ಮೇಲೆ, ಆ ನೈಜತೆಯಲ್ಲಿ ಮನುಷ್ಯರು ಎಲ್ಲಿ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇದೇ ದುರಂತದ ಬಗ್ಗೆ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಅವರ ಪುಸ್ತಕ ಬಂದದ್ದು 1997ರಲ್ಲಿ. ಅದು ಬಹುಮಟ್ಟಿಗೆ ಸಾಮಾನ್ಯರ ದನಿಗಳಿಂದಲೇ ಆದದ್ದು. ಸಾಮಗ್ರಿಯ ಕೊರತೆ ಇರಲಿಲ್ಲ. ಹೆಣದ ಜೇಬಿನಲ್ಲಿನ ಬ್ರೆಡ್ಡಿಗೂ ಭಾರ ಲೆಕ್ಕ ಹಾಕಿದ ತಂಡಕ್ಕೆ, ಬೀಗ ಹಾಕಿದ ಮನೆಯ ಒಡತಿಯನ್ನು ನೆನೆಯುವ ಶಕ್ತಿಯೂ ಇತ್ತು.

ಆದ್ದರಿಂದ ಈ ಆಟವನ್ನು ಪ್ರೀತಿಸುವವರಲ್ಲಿ ನನ್ನ ಆಗ್ರಹ ಇಷ್ಟು. ಬೋಲ್ಟ್‌ನ ಎಚ್ಚರವನ್ನು, ಎ-ಲೈಫ್‌ನ ಜೀವಂತಿಕೆಯನ್ನು, ಎಕ್ಸ್-18ರ ಕತ್ತಲನ್ನು ಹೊಗಳಿ, ಅವು ಹೊಗಳಿಕೆಗೆ ಅರ್ಹ. ನಿಂತುಹೋಗುವ ಆಟವನ್ನು, ಮುರಿದ ಕೆಲಸಗಳನ್ನು ದೋಷವೆಂದೇ ಕರೆಯಿರಿ, ಕಟ್ಟಿದವರು ಕರೆದದ್ದೂ ಹಾಗೆಯೇ. ಆಮೇಲೆ ಉಳಿಯುವ ದೊಡ್ಡ ಪ್ರಶ್ನೆಗಳನ್ನು ಎತ್ತಿ: ಬದುಕುಳಿಯುವುದನ್ನು ಇಷ್ಟು ಚೆನ್ನಾಗಿ ಕಲಿಸಿದ ಆಟ ಕೊನೆಗೆ ಬರೀ ಕೊಲ್ಲುವುದಕ್ಕೆ ಏಕೆ ಇಳಿಯಿತು, ದುರಂತದ ನೆಲದಲ್ಲಿ ದುರಂತ ಉಂಡವರಿಗೆ ಏಕೆ ಜಾಗ ಸಿಗಲಿಲ್ಲ ಎಂದು. ಆಟವನ್ನು ಕಲೆಯೆಂದು ಒಪ್ಪುವವರು ಕಲೆಗೆ ಕೇಳುವ ಪ್ರಶ್ನೆಗಳನ್ನೇ ಅದಕ್ಕೂ ಕೇಳಬೇಕು. ಕುಂದನ್ನು ಮುದ್ದಿಸುವ ಅಭ್ಯಾಸ ಬಿಡದ ಹೊರತು ಆ ಪ್ರಶ್ನೆಗಳಿಗೆ ಕಿವಿಗೊಡುವವರು ಸಿಗುವುದಿಲ್ಲ, ಅವುಗಳಿಗೆ ಉತ್ತರ ಕೊಡುವ ಆಟವನ್ನೂ ಯಾರೂ ಕಟ್ಟುವುದಿಲ್ಲ.